ಜೈರೋಸ್ ಮುನ್ಸಾಕ ಇಟ್ಟ ಸೂರ್ಯ

ಜೈರೋಸ್ ಮುನ್ಸಾಕ ಚೋಮಾದ ನಮ್ಮ ಕಟ್ಟಡ ನಕ್ಷೆಯ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದರು. ಇಪ್ಪತ್ತೊಂದು ವರ್ಷ ಓರೆ ಹಲಗೆಯ ಮುಂದೆ ನಿಂತು ಪೆನ್ಸಿಲಿನಲ್ಲಿ ಗೆರೆ ಎಳೆದರು, ಉಳಿದ ಆರು ವರ್ಷ ಕಂಪ್ಯೂಟರಿನ ಮುಂದೆ ಕೂತರು. ನಾನು ಅವರ ಪಕ್ಕದ ಮೇಜಿನವಳು. ಅವರ ಹಿರಿಮಗಳ ಹೆಸರು ಚೋಲ್ವೆ, ಹಾಗಾಗಿ ನಮಗೆಲ್ಲ ಅವರು ಚೋಲ್ವೆ ಅಪ್ಪ. ನನ್ನನ್ನು ಅವರು ಲೂಮುನೊ ಎಂದು ಹೆಸರು ಹಿಡಿದು ಕರೆದದ್ದು ಕಡಿಮೆ. ‘ಮಗಳೇ’ ಎನ್ನುತ್ತಿದ್ದರು.

ಊರಿನಲ್ಲಿ ಅವರ ಬಗ್ಗೆ ಒಂದು ಮಾತು ಓಡಾಡುತ್ತದೆ. ಮುನ್ಸಾಕ ಕ್ಷಯದ ವಾರ್ಡನ್ನು ಹಿಂದುಮುಂದಾಗಿ ಕಟ್ಟಿಸಿದವನು ಎಂದು. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪೂರ್ತಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಅವರು. ಅವರು ಬಾಯಿ ಬಿಡುವವರಲ್ಲ.

ಕಚೇರಿಯಲ್ಲಿ ಹಲಗೆಗಳನ್ನು ತೆಗೆದು ಕಂಪ್ಯೂಟರ್ ತಂದಾಗ ಅವರಿಗೆ ಐವತ್ತರ ಹತ್ತಿರ. ಮೌಸ್ ಹಿಡಿದರೆ ಅದು ಮೇಜಿನಿಂದ ಕೆಳಗೆ ಬೀಳುತ್ತಿತ್ತು. ನಮ್ಮ ಬಾಸ್ ಹಂಟೂಬ ಅವರಿಗಿಂತ ಹದಿನೈದು ವರ್ಷ ಚಿಕ್ಕವರು, ಹೊರದೇಶದಲ್ಲಿ ಓದಿ ಬಂದವರು, ತಮಾಷೆ ಮಾಡುವುದರಲ್ಲಿ ಮುಂದು. “ಚೋಲ್ವೆ ಅಪ್ಪಾ, ಅದು ಎತ್ತಿನ ಮೂಗುದಾರ ಅಲ್ಲ, ಅಷ್ಟು ಬಿಗಿಯಾಗಿ ಎಳೀಬೇಡಿ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಆಮೇಲೆ ಬಗ್ಗಿ ಮತ್ತೆ ಮೌಸ್ ಎತ್ತಿಕೊಳ್ಳುತ್ತಿದ್ದರು.

ಗೆರೆ ಎಳೆಯುವುದರಲ್ಲಿ ಅವರು ಕೊನೆಯವರೆಗೂ ನಿಧಾನವೇ. ಆದರೆ ಬೆಳಕಿನ ವಿಷಯಕ್ಕೆ ಬಂದರೆ ಬೇರೆ ಮನುಷ್ಯ. ಕಟ್ಟಡದ ಮಾದರಿ ತಯಾರಾದ ಮೇಲೆ ಅದಕ್ಕೆ ಸೂರ್ಯನನ್ನು ಇಡಬೇಕು. ತಿಂಗಳು, ತಾರೀಖು, ಗಂಟೆ, ಊರು ಎಲ್ಲವನ್ನೂ ಸಣ್ಣ ಸಣ್ಣ ಚೌಕಗಳಲ್ಲಿ ತುಂಬಬೇಕು. ಬಿಸಿಲು ಎಷ್ಟು ಚುರುಕು, ನೆರಳಿನ ಅಂಚು ಎಷ್ಟು ಮೆದು, ಆಕಾಶದಿಂದ ಎಷ್ಟು ಬೆಳಕು, ಒಳಗೆ ಎಲ್ಲಿ ದೀಪ, ಇವೆಲ್ಲ ನಮ್ಮ ಕೈಯಲ್ಲೇ. ನಾವು ಕಿರಿಯರು ಬಿಸಿಲನ್ನು ಪೂರ್ತಿ ಏರಿಸಿ ಗೋಡೆಯನ್ನೆಲ್ಲ ಬೆಳ್ಳಗೆ ಹೊಳೆಯುವಂತೆ ಮಾಡಿ ಬಿಡುತ್ತಿದ್ದೆವು. ಅವರು ಹಾಗೆ ಮಾಡುತ್ತಿರಲಿಲ್ಲ. ಪೆನ್ಸಿಲಿನಲ್ಲಿ ನೆರಳು ತುಂಬಿ ಅಭ್ಯಾಸವಿದ್ದ ಕಣ್ಣು ಅದು. ಒಂದೊಂದು ಅಂಕಿಯನ್ನೂ ಚೂರು ಚೂರೇ ಬದಲಿಸಿ, ಕುರ್ಚಿ ಹಿಂದಕ್ಕೆ ತಳ್ಳಿ ದೂರದಿಂದ ನೋಡಿ, ಮತ್ತೆ ಬದಲಿಸುತ್ತಿದ್ದರು. ಅವರು ಮಾಡಿದ ಚಿತ್ರದಲ್ಲಿ ಜಗಲಿಯ ಮೇಲೆ ಬಿದ್ದ ಬಿಸಿಲು ನೋಡಿದರೆ ಅಲ್ಲಿ ಹೋಗಿ ಕಾಲು ಚಾಚಿ ಕೂರೋಣ ಅನ್ನಿಸುತ್ತಿತ್ತು. ಎರಡೇ ವರ್ಷದಲ್ಲಿ ಕಚೇರಿಯ ಎಲ್ಲ ಚಿತ್ರಗಳ ಬೆಳಕೂ ಅವರ ಪಾಲಿಗೇ ಬಂತು.

ಊರಾಚೆಯ ಮಿಷನ್ ಆಸ್ಪತ್ರೆಗೆ ಹೊಸ ಕ್ಷಯದ ವಾರ್ಡ್ ಕಟ್ಟುವ ಕೆಲಸ ನಮಗೆ ಬಂದದ್ದು ಆಗ. ಜೂನ್ ಜುಲೈ ನಮ್ಮ ಕಡೆ ಚಳಿಗಾಲ, ಹುಲ್ಲಿನ ಮೇಲೆ ಮಂಜು ಗಟ್ಟಿ ಕಟ್ಟಿರುತ್ತದೆ, ಆಗ್ನೇಯದ ಗಾಳಿ ಚರ್ಮ ಸುಲಿಯುತ್ತದೆ. ಹಳೇ ವಾರ್ಡಿನಲ್ಲಿ ಜಗಲಿಗೆ ಬೆಳಗಿನಿಂದಲೇ ಬಿಸಿಲು. ರೋಗಿಗಳು ಚಾಪೆ ತಂದು ಅಲ್ಲೇ ಕೂತು ಗಂಜಿ ಕುಡಿದು, ಅಲ್ಲೇ ಮಾತ್ರೆ ನುಂಗಿ, ಮಧ್ಯಾಹ್ನದವರೆಗೂ ಮೈ ಕಾಯಿಸಿಕೊಳ್ಳುತ್ತಿದ್ದರು. ಮೇಟ್ರನ್ ಮೂಂಗ ಅಮ್ಮ ಮೊದಲ ದಿನವೇ ಹೇಳಿದ್ದರು. “ನನಗೆ ಗಾಜಿನ ಬಾಗಿಲು ಬೇಡ, ಹೊಳೆಯೋ ನೆಲ ಬೇಡ. ಚಳಿಗಾಲದಲ್ಲಿ ನನ್ನ ಜನಕ್ಕೆ ಜಗಲೀಲಿ ಬಿಸಿಲು ಬೇಕು. ಅಷ್ಟು ಮಾಡಿಕೊಡಿ.”

ಜಾಗದ ನಕ್ಷೆ ಮಾಡಿದ್ದು ನಾನು. ಮುಂದಿನ ರಸ್ತೆ ನಿಜದಲ್ಲಿ ಜಾಗದ ಉತ್ತರಕ್ಕಿದೆ. ಹಾಗೇ ಇಟ್ಟರೆ ಹಾಳೆಯ ತಲೆಯ ಮೇಲೆ ರಸ್ತೆ, ನೋಡಲು ಅಡ್ಡಾದಿಡ್ಡಿ. ನಾನು ಪೂರ್ತಿ ನಕ್ಷೆಯನ್ನು ತಿರುಗಿಸಿ ರಸ್ತೆಯನ್ನು ಹಾಳೆಯ ಬುಡಕ್ಕೆ ತಂದೆ. ದಿಕ್ಕು ತೋರಿಸುವ ಬಾಣವಿದ್ದ ಮೂಲೆಯಲ್ಲಿ ಕಚೇರಿಯ ಹೆಸರಿನ ಚೌಕ ಕೂರಬೇಕಿತ್ತು, ಬಾಣವನ್ನು ಅಳಿಸಿದೆ. ಆಮೇಲೆ ಬೇರೆ ಕಡೆ ಹಾಕೋಣ ಅಂದುಕೊಂಡೆ. ಹಾಕಲಿಲ್ಲ. ಚೋಲ್ವೆ ಅಪ್ಪನಿಗೆ ಆ ಕಡತವನ್ನು ಹಾಗೇ ಕಳಿಸಿದೆ, ಒಂದು ಮಾತೂ ಹೇಳಲಿಲ್ಲ.

ಆ ಕಂಪ್ಯೂಟರಿಗೆ ಹಾಳೆಯ ತಲೆಯೇ ಉತ್ತರ. ಅಲ್ಲ ಎಂದು ಹೇಳಬೇಕಾದರೆ ಬೆಳಕಿನ ಪಟ್ಟಿಯ ತಳದಲ್ಲಿ ಇನ್ನೊಂದು ಚೌಕವಿದೆ, ಉತ್ತರ ಎಷ್ಟು ಡಿಗ್ರಿ ತಿರುಗಿದೆ ಎಂದು ಅಲ್ಲಿ ಬರೆಯಬೇಕು. ಅದರಲ್ಲಿ ಸೊನ್ನೆ ಇತ್ತು. ಅವರು ಊರು ಚೋಮಾ ಎಂದು ಸರಿಯಾಗಿಯೇ ಇಟ್ಟರು. ಜೂನ್ ಇಪ್ಪತ್ತೊಂದು, ಬೆಳಿಗ್ಗೆ ಒಂಬತ್ತು ಗಂಟೆ ಎಂದೂ ಇಟ್ಟರು. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ನಮ್ಮಲ್ಲಿ ಚಳಿಗಾಲದ ಸೂರ್ಯ ಉತ್ತರಕ್ಕೆ ವಾಲಿ ನಡೆಯುತ್ತಾನೆ. ಪರದೆಯ ಮೇಲೆ ಸೂರ್ಯ ಹಾಳೆಯ ತಲೆಯ ಕಡೆಯಿಂದ ಬಂದು ಕಟ್ಟಡದ ಬೆನ್ನಿನ ಮೇಲೆ ಬಿದ್ದ. ನಾವು ರಸ್ತೆ ಕಡೆಗೆ ಇಟ್ಟಿದ್ದ ಜಗಲಿ ಕತ್ತಲು.

ಬಾಸ್ ಬಂದು ನೋಡಿದರು. “ಅಯ್ಯೋ, ಜಗಲಿ ತಪ್ಪು ಕಡೆ ಇಟ್ಟಿದೀವಲ್ಲ! ಹಿಂದಕ್ಕೆ ಹಾಕಿ. ರಸ್ತೆ ಧೂಳೂ ತಪ್ಪುತ್ತೆ.”

ಚೋಲ್ವೆ ಅಪ್ಪ ಸ್ವಲ್ಪ ಹೊತ್ತು ಪರದೆ ನೋಡುತ್ತ ಕೂತರು. “ಯಾಕೋ ಒಂಥರಾ ಕಾಣ್ತಿದೆ” ಎಂದರು.

“ಒಂಥರಾ ಏನು? ತಾರೀಖು ಸರಿ ಇದೆಯಾ? ಊರು ಸರಿ ಇದೆಯಾ? ಮತ್ತೆ? ಅದಕ್ಕೆ ಸುಳ್ಳು ಹೇಳಕ್ಕೆ ಬರಲ್ಲ, ಚೋಲ್ವೆ ಅಪ್ಪಾ. ನಮ್ಮ ಕಣ್ಣಿಗೇ ಬರೋದು.”

ಜಗಲಿ ಹಿಂದಕ್ಕೆ ಹೋಯಿತು. ಅವರು ಮಾಡಿದ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ, ಬೆಂಚಿನ ಕಾಲುಗಳ ಉದ್ದನೆ ನೆರಳು, ನೆಲದ ಮೇಲೆ ಜೇನಿನ ಬಣ್ಣದ ಬಿಸಿಲು, ಹಿತ್ತಲಿನ ಮಾವಿನ ಮರ, ಎಲ್ಲ ಕೈಗೆ ಸಿಗುವಂತಿತ್ತು.

ಆಸ್ಪತ್ರೆಯಲ್ಲಿ ಸಭೆಯ ದಿನ ಚಿತ್ರವನ್ನು ದೊಡ್ಡದಾಗಿ ಅಚ್ಚು ಮಾಡಿಸಿ ಗೋಡೆಗೆ ಅಂಟಿಸಿದೆವು. ಪಾದ್ರಿಗಳು, ಡಾಕ್ಟರು, ನರ್ಸುಗಳು ಎಲ್ಲ ಮೆಚ್ಚಿದರು. ಹಿಂದೆ ಚಿಬ್ವಂಟು ಪಾನಕದ ಲೋಟ ಹಂಚುತ್ತಿದ್ದ ಎಸ್ನಾರ್ಟ್ ಅಜ್ಜಿ ಮುಂದೆ ಬಂದು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತರು. ಹಿತ್ತಲಿನ ಒಲೆಯಲ್ಲಿ ವಾರ್ಡಿನವರಿಗೆ ಗಂಜಿ ಬೇಯಿಸುವವರು ಅವರು.

“ಇದು ಬೆಳಗಿನ ಹೊತ್ತಾ?” ಎಂದು ಕೇಳಿದರು.

“ಹೌದಜ್ಜಿ, ಒಂಬತ್ತು ಗಂಟೆ” ಎಂದರು ಚೋಲ್ವೆ ಅಪ್ಪ.

“ಮತ್ತೆ ಮಾವಿನ ಮರದ ನೆರಳು ನನ್ನ ಒಲೆ ಕಡೆ ಬಿದ್ದಿದೆಯಲ್ಲಪ್ಪಾ? ನನ್ನ ಒಲೆ ಮೇಲೆ ನೆರಳು ಬರೋದು ಸಾಯಂಕಾಲ. ಬೆಳಿಗ್ಗೆ ಅಲ್ಲಿ ಬಿಸಿಲಿಗೆ ತಲೆ ಸಿಡೀತದೆ.”

ಬಾಸ್ ಮುಖ ಬಿಗಿಯಾಯಿತು. ಪಾದ್ರಿಗಳು ನಮ್ಮ ಕಡೆ ತಿರುಗಿದರು. ಚೋಲ್ವೆ ಅಪ್ಪ ನಕ್ಕರು. “ಅಜ್ಜೀ, ನಲವತ್ತು ವರ್ಷ ಒಲೆ ಊದಿ ಕಣ್ಣಿಗೆ ಹೊಗೆ ತುಂಬಿಕೊಂಡಿದೀರಿ. ನಿಮಗೆ ಬೆಳಿಗ್ಗೆ ಯಾವುದು ಸಾಯಂಕಾಲ ಯಾವುದು ಅಂತ ಹೆಂಗೆ ಗೊತ್ತಾಗಬೇಕು?”

ಇಡೀ ಕೋಣೆ ನಕ್ಕಿತು. ಅಜ್ಜಿಯೂ ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ಲೋಟಗಳ ಕಡೆ ಹೋದರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನಕ್ಕಿರಬೇಕು. ಮೇಟ್ರನ್ ಸಹಿ ಹಾಕಿದರು.

ವಾರ್ಡ್ ಮುಗಿದದ್ದು ಡಿಸೆಂಬರಿನಲ್ಲಿ. ಆ ತಿಂಗಳಲ್ಲಿ ಸೂರ್ಯ ನಮ್ಮ ನೆತ್ತಿ ದಾಟಿ ತುಸು ದಕ್ಷಿಣಕ್ಕೆ ಹೋಗಿರುತ್ತಾನೆ. ಉದ್ಘಾಟನೆಯ ಬೆಳಿಗ್ಗೆ ಮಳೆ ಬಿಟ್ಟು, ಹಿಂದಿನ ಜಗಲಿಯ ಮೇಲೆ ಓರೆಯಾಗಿ ಬಿಸಿಲು ಬಿದ್ದಿತ್ತು. ಜನ ಚಪ್ಪಾಳೆ ತಟ್ಟಿದರು. ಬಾಸ್ ಚೋಲ್ವೆ ಅಪ್ಪನ ಹೆಗಲ ಮೇಲೆ ಕೈ ಹಾಕಿ “ನಮ್ಮ ಸೂರ್ಯನ ಯಜಮಾನರು” ಎಂದು ಎಲ್ಲರಿಗೂ ತೋರಿಸಿದರು. ಅವತ್ತು ಅವರ ಮುಖದಲ್ಲಿದ್ದ ಸಂತೋಷ ನಾನು ಆಮೇಲೆ ಕಾಣಲಿಲ್ಲ.

ಫೆಬ್ರವರಿಯಲ್ಲಿ ಕೆಲಸ ಕಡಿಮೆಯಿತ್ತು. ಅವರು ತಮ್ಮ ಮನೆಯನ್ನೇ ಅಳೆದು, ಗೇಟು ಹಾಳೆಯ ಬುಡಕ್ಕೆ ಬರುವಂತೆ ಮಾದರಿ ಮಾಡಿ, ಬೆಳಗಿನ ಬಿಸಿಲು ಇಟ್ಟು, ಒಂದು ಚಿತ್ರ ಅಚ್ಚು ಹಾಕಿಸಿ ಹೆಂಡತಿ ಎನಿಯಾಗೆ ಕೊಟ್ಟರು. ಗೋಡೆಗೆ ತೂಗುಹಾಕಲಿ ಎಂದು.

ಎನಿಯಾ ಅಮ್ಮ ಚಿತ್ರ ನೋಡಿ, “ಚೆನ್ನಾಗಿದೆ. ಆದ್ರೆ ಇದು ಯಾರ ಮನೆ?” ಎಂದರಂತೆ.

“ನಮ್ಮದೇ ಕಣೇ.”

“ನಮ್ಮ ಅಡುಗೆಮನೆ ಕಿಟಕೀಲಿ ಬೆಳಿಗ್ಗೆ ಬಿಸಿಲು ಬಂದಿದ್ದು ಯಾವತ್ತು? ಬೆಳಿಗ್ಗೆ ಬಿಸಿಲು ಬಂದು ನಿಮ್ಮನ್ನ ಎಬ್ಬಿಸೋದು ಮಲಗೋ ಕೋಣೇಲಿ.”

ಅವರು ನ್ಸೀಮಾ ಮುದ್ದೆಯ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟರಂತೆ. ಇದನ್ನು ಎನಿಯಾ ಅಮ್ಮನೇ ನನಗೆ ಆಮೇಲೆ ಹೇಳಿದ್ದು.

ಸೋಮವಾರ ನಾನು ಬರುವ ಹೊತ್ತಿಗೆ ಅವರು ಆಗಲೇ ಬಂದಿದ್ದರು. ವಾರ್ಡಿನ ಕಡತ ತೆರೆದಿತ್ತು. ತಳದ ಚೌಕದಲ್ಲಿ ಸೊನ್ನೆ ಅಳಿಸಿ ನೂರ ಎಂಬತ್ತು ಎಂದು ಬರೆದಿದ್ದರು. ಜಗಲಿ ಕಪ್ಪಾಗಿತ್ತು. ಅವರು ತಾರೀಖು ಬದಲಿಸುತ್ತ ಹೋದರು. ಮಾರ್ಚ್ ಒಂದು, ಬಿಸಿಲು ಜಗಲಿಯ ಅಂಚಿನಲ್ಲಿ ದಾರದಷ್ಟು. ಮಾರ್ಚ್ ಕೊನೆ, ಅದೂ ಇಲ್ಲ. ಏಪ್ರಿಲ್, ಮೇ, ಜೂನ್, ಎಂಟು ಗಂಟೆ, ಹತ್ತು ಗಂಟೆ, ಮಧ್ಯಾಹ್ನ, ಎಲ್ಲೂ ಇಲ್ಲ. ಸೆಪ್ಟೆಂಬರ್ ಕಳೆಯುವವರೆಗೂ ಇಲ್ಲ. ಗಾಳಿ ಬರುವುದೂ ಆ ಕಡೆಯಿಂದಲೇ ಎಂದು ಕಂಪ್ಯೂಟರ್ ಹೇಳಬೇಕಾಗಿರಲಿಲ್ಲ.

“ಮಗಳೇ,” ಎಂದರು, ನನ್ನ ಕಡೆ ತಿರುಗದೆ, “ರಸ್ತೆ ಯಾವ ದಿಕ್ಕಿಗಿದೆ?”

ನನಗೆ ಆ ಕ್ಷಣಕ್ಕೇ ಗೊತ್ತಾಯಿತು. “ಉತ್ತರಕ್ಕೆ” ಎಂದೆ. “ನಾನು ತಿರುಗಿಸಿದ್ದೆ. ಹಾಳೇಲಿ ಚೆನ್ನಾಗಿ ಕೂರಲಿ ಅಂತ. ಬಾಣ ಅಳಿಸಿದ್ದೂ ನಾನೇ. ಹೇಳಬೇಕಿತ್ತು.”

ಅವರು ಕಡತ ಮುಚ್ಚಿದರು. “ನಾನೂ ಕೇಳಬೇಕಿತ್ತು. ಆ ಜಾಗಕ್ಕೆ ನಾಲ್ಕು ಸಲ ಹೋಗಿದೀನಿ. ಬಿಸಿಲಲ್ಲೇ ನಿಂತಿದ್ದೆ.”

ಅವತ್ತೇ ಬಾಸಿಗೆ ಹೇಳಲು ಹೋಗಲಿಲ್ಲ. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಈ ಎರಡು ತಿಂಗಳನ್ನು ನಾನು ಮರೆಯಲಾರೆ. ಪ್ರತಿದಿನ ಬಂದ ತಕ್ಷಣ ಆ ಕಡತ ತೆರೆದು, ಅವತ್ತಿನ ತಾರೀಖು ಹಾಕಿ, ಜಗಲಿಯಲ್ಲಿ ಬಿಸಿಲು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದರು. ಆಮೇಲೆ ಅದನ್ನು ಮುಚ್ಚಿ ಬೇರೆ ಕೆಲಸಕ್ಕೆ ಕೂರುತ್ತಿದ್ದರು. ಆಸ್ಪತ್ರೆಯವರಿಗೆ ಇನ್ನೂ ಏನೂ ಗೊತ್ತಿಲ್ಲ. ನಮ್ಮ ಕಡೆ ಆಗಿನ್ನೂ ಮಳೆಗಾಲದ ಸೆಕೆ, ಅವರು ನೆರಳಿಗೇ ಖುಷಿಪಡುತ್ತಿದ್ದರು. ಬರಲಿರುವುದು ಗೊತ್ತಿದ್ದದ್ದು ನಮಗೆ ಮಾತ್ರ. ಚೋಲ್ವೆ ಅಪ್ಪ ಊಟ ಬಿಟ್ಟರು, ಬಾಸಿನ ತಮಾಷೆಗೆ ನಗುವುದನ್ನೂ ಬಿಟ್ಟರು. ನಾನು ಏನಾದರೂ ಹೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆಯುತ್ತಿದ್ದರು.

ಏಪ್ರಿಲ್ ಕೊನೆಗೆ ಬಾಸಿನ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ನನಗೆ ಎಲ್ಲ ಕೇಳಿಸಿತು.

“ಯಾರಿಗಾದ್ರೂ ಹೇಳಿದೀರಾ?” ಎಂದರು ಬಾಸ್.

“ಇಲ್ಲ.”

“ಹೇಳಬೇಡಿ. ಅವರು ಚಿತ್ರ ನೋಡಿದಾರೆ, ಸಹಿ ಹಾಕಿದಾರೆ. ಕಟ್ಟಡ ಗಟ್ಟಿ ಇದೆ, ಸೋರಲ್ಲ. ಚಳಿ ಆದ್ರೆ ಕಂಬಳಿ ಹೊದೀತಾರೆ.”

“ಬಾಸ್, ಅವರು ಕೇಳಿದ್ದು ಒಂದೇ ಒಂದು.”

“ಜಾಗದ ನಕ್ಷೆ ಯಾರು ಮಾಡಿದ್ದು?”

ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

“ಬೆಳಕು ಇಟ್ಟದ್ದು ನಾನು. ದಿಕ್ಕು ನೋಡೋದು ಬೆಳಕು ಇಡೋನ ಕೆಲಸ” ಎಂದರು ಚೋಲ್ವೆ ಅಪ್ಪ.

ಎದ್ದು ಹೋಗಿ ‘ನಾನು’ ಎನ್ನಲು ಹತ್ತು ಹೆಜ್ಜೆ ಸಾಕಿತ್ತು. ನನಗೆ ಆಗ ಕೆಲಸ ಖಾಯಂ ಆಗಿ ಮೂರು ತಿಂಗಳು, ಮನೆಯಲ್ಲಿ ಹಾಲು ಕುಡಿಯುವ ಮಗು. ಇದು ಕಾರಣ, ಸಮಾಧಾನ ಅಲ್ಲ. ನಾನು ಏಳಲಿಲ್ಲ.

ಮರುದಿನ ಅವರು ಕಚೇರಿಗೆ ಬರದೆ ನೇರ ಆಸ್ಪತ್ರೆಗೆ ಹೋದರು. ಮೊದಲು ಹೋದದ್ದು ಒಲೆಯ ಹತ್ತಿರ. ಎಸ್ನಾರ್ಟ್ ಅಜ್ಜಿಯ ಮುಂದೆ ನಮ್ಮ ಪದ್ಧತಿಯಂತೆ ಮಂಡಿಯೂರಿ ಕೂತು, ಎರಡು ಕೈ ತಟ್ಟಿ, “ಅಜ್ಜೀ, ನಿಮ್ಮ ಮಾತು ಸರಿ ಇತ್ತು. ತಪ್ಪಾಯ್ತು” ಎಂದರಂತೆ. ಅಜ್ಜಿಗೆ ಅವರ ಗುರುತು ಸಿಕ್ಕಿತು, ಮಾತು ನೆನಪಾಗಲಿಲ್ಲ. “ಯಾವುದಪ್ಪಾ? ನಾನು ದಿನಕ್ಕೆ ನೂರು ಮಾತಾಡ್ತೀನಿ” ಎಂದು ಅವರಿಗೊಂದು ಬಟ್ಟಲು ಗಂಜಿ ಕೊಟ್ಟರು.

ಮೇಟ್ರನ್ನಿಗೆ ಎಲ್ಲ ನೆನಪಿತ್ತು. ಅವರು ಕೂಗಾಡಲಿಲ್ಲ. “ನಾನು ಏನು ಕೇಳಿದ್ದೆ ನಿಮ್ಮನ್ನ?” ಎಂದರು. ಚೋಲ್ವೆ ಅಪ್ಪ ತಲೆ ಎತ್ತಲಿಲ್ಲ. “ಫೆಬ್ರವರೀಲೇ ಗೊತ್ತಾಯ್ತು ಅಂತೀರಿ. ಮಾರ್ಚ್ ಹೋಯ್ತು, ಏಪ್ರಿಲ್ ಹೋಯ್ತು. ಆಗ ಬಂದಿದ್ರೆ ನನಗೆ ಎರಡು ತಿಂಗಳು ಸಿಗ್ತಿತ್ತು.”

“ಹೌದಮ್ಮಾ.”

“ಅಳಬೇಡಿ. ನನಗೆ ಇಲ್ಲಿ ಅಳೋರು ಸಾಕಷ್ಟಿದಾರೆ. ಈಗ ಏನು ಮಾಡಬೇಕು, ಅದು ಹೇಳಿ.”

ಅವರು ಕೈಯಲ್ಲೇ ಒಂದು ನಕ್ಷೆ ಬರೆದುಕೊಂಡು ಹೋಗಿದ್ದರು. ರಸ್ತೆ ಕಡೆಯ ಒಂದು ಕಿಟಕಿಯ ಕೆಳಗಿನ ಗೋಡೆ ಒಡೆದರೆ ಬಾಗಿಲಾಗುತ್ತದೆ, ಮೇಲಿನ ತೊಲೆ ಮುಟ್ಟಬೇಕಿಲ್ಲ. ಹೊರಗೆ ಗೋಡೆಗುಂಟ ಇಟ್ಟಿಗೆಯ ಕಟ್ಟೆ. ರಸ್ತೆಯ ಧೂಳಿಗೆ ಅಡ್ಡ ಹುಲ್ಲಿನ ತಟ್ಟಿ, ಸೊಂಟದೆತ್ತರ, ಬಿಸಿಲಿಗೆ ಅಡ್ಡವಾಗದಷ್ಟು. ಗೋಡೆ ಒಡೆಯಲು ಕಚೇರಿಯ ಒಪ್ಪಿಗೆಯ ಸಹಿ ಬೇಕಿತ್ತು. ಬಾಸ್ ಹಾಕಲಿಲ್ಲ. ಹಾಕಿದರೆ ತಪ್ಪು ಒಪ್ಪಿಕೊಂಡಂತೆ. ಚೋಲ್ವೆ ಅಪ್ಪ ನಕ್ಷೆಯ ಕೆಳಗೆ ತಮ್ಮ ಹೆಸರು ಬರೆದು ಕೊಟ್ಟರು. ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ಹೇಳದೆ ಕೇಳದೆ ಆಸ್ಪತ್ರೆಯವರ ಜೊತೆ ಮಾತಾಡಿದ್ದು ಕಾರಣ ಎಂದು ಕಾಗದದಲ್ಲಿ ಬರೆದಿತ್ತು. ಅವರು ತಮ್ಮ ಹಳೆಯ ಪೆನ್ಸಿಲ್ ಡಬ್ಬಿ, ಒಂದು ಸ್ವೆಟರ್ ತೆಗೆದುಕೊಂಡು ಹೊರಟರು. ನನ್ನ ಮೇಜಿನ ಹತ್ತಿರ ಒಂದು ಕ್ಷಣ ನಿಂತು, “ನಿನ್ನ ಹೆಸರು ಎಲ್ಲೂ ಬಂದಿಲ್ಲ. ಕೆಲಸ ನೋಡ್ಕೋ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕಟ್ಟೆಯ ಕೆಲಸ ನಿಧಾನವಾಯಿತು. ಕಚೇರಿಯ ಸಹಿಯಿಲ್ಲದ ನಕ್ಷೆ ಎಂದು ಆಸ್ಪತ್ರೆಯ ಮಂಡಳಿ ಐದು ವಾರ ಹಿಡಿದು ಕೂತಿತು. ಅಷ್ಟರಲ್ಲಿ ಜೂನ್ ಬಂತು. ನಾನು ಒಂದು ಭಾನುವಾರ ಹೋಗಿ ನೋಡಿದೆ. ಹಿಂದಿನ ಜಗಲಿ ಖಾಲಿ, ಹಸಿಹಸಿ, ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. ರೋಗಿಗಳು ಚಾಪೆ, ಕಂಬಳಿ, ಗಂಜಿಯ ಬಟ್ಟಲು ಹೊತ್ತುಕೊಂಡು ಕಟ್ಟಡ ಸುತ್ತಿ ಚರಂಡಿ ದಾಟಿ ರಸ್ತೆಯ ಬದಿಗೆ ಹೋಗಿ ಕೂರುತ್ತಿದ್ದರು. ಲಾರಿ ಹೋದಾಗಲೆಲ್ಲ ಧೂಳು, ಧೂಳಿಗೆ ಕೆಮ್ಮು.

ಆ ತಿಂಗಳ ಮೂರನೇ ವಾರ ಸಿಯಾಬಸಿಂಬಿ ಎಂಬ ಮುದುಕರು, ರೈಲ್ವೆಯಲ್ಲಿ ಹಳಿ ಕಾಯುತ್ತಿದ್ದವರು, ಚಾಪೆ ಹೊತ್ತು ಚರಂಡಿ ದಾಟುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಗಸ್ಟಿನಲ್ಲಿ ತೀರಿಹೋದರು. ಡಾಕ್ಟರು ಶ್ವಾಸಕೋಶ ಮೊದಲೇ ಪೂರ್ತಿ ಹೋಗಿತ್ತು ಎಂದರು. ಅವರ ಮಕ್ಕಳೂ ಹಾಗೆಯೇ ಹೇಳಿದರು, ಯಾರನ್ನೂ ದೂರಲಿಲ್ಲ. ಚೋಲ್ವೆ ಅಪ್ಪ ಮಣ್ಣಿಗೆ ಹೋಗಿ ಮೂರು ದಿನ ಅವರ ಅಂಗಳದಲ್ಲಿ ಸೂತಕಕ್ಕೆ ಬಂದ ಗಂಡಸರು ಹಾಕಿದ ಬೆಂಕಿಯ ಸುತ್ತ ಕೂತಿದ್ದರು. ತಾವು ಯಾರೆಂದು ಎರಡನೇ ದಿನ ಹೇಳಿದರಂತೆ. ಹಿರಿಮಗ ಎದ್ದು ಹೋದ, ಸ್ವಲ್ಪ ಹೊತ್ತಿಗೆ ಬಂದು ಮತ್ತೆ ಪಕ್ಕದಲ್ಲಿ ಕೂತ.

ಕಟ್ಟೆ ಮುಗಿದದ್ದು ಜುಲೈ ಕೊನೆಗೆ. ಚೋಲ್ವೆ ಅಪ್ಪ, ಎನಿಯಾ ಅಮ್ಮ, ರೋಗಿಗಳ ಮನೆಯವರು ಸೇರಿ ಹುಲ್ಲು ಕೊಯ್ದು ತಟ್ಟಿ ಹೆಣೆದರು. ನಾನೂ ಎರಡು ಶನಿವಾರ ಇಟ್ಟಿಗೆ ಹೊತ್ತೆ. ಅಷ್ಟರಿಂದ ಮನಸ್ಸಿನ ಭಾರವೇನೂ ಇಳಿಯಲಿಲ್ಲ. ಅದರ ಮುಂದಿನ ಚಳಿಗಾಲದಿಂದ ರೋಗಿಗಳು ಅಲ್ಲೇ ಕೂರುತ್ತಾರೆ. ಬಿಸಿಲು ಚೆನ್ನಾಗಿ ಬರುತ್ತದೆ. ಆದರೆ ಕಟ್ಟೆಗೆ ಸೂರಿಲ್ಲ, ಜಾಗ ಕಿರಿದು, ಇಪ್ಪತ್ತು ಜನರಲ್ಲಿ ಹನ್ನೆರಡು ಜನ ಹಿಡಿಸುತ್ತಾರೆ. ಉಳಿದವರು ಸರದಿ ಕಾಯುತ್ತಾರೆ.

ನಾನು ಬಾಸಿಗೆ ನಿಜ ಹೇಳಿದ್ದು ಎರಡು ವರ್ಷದ ಮೇಲೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಅದು ಮುಗಿದ ವಿಷಯ ಲೂಮುನೊ. ಬಾಗಿಲು ಎಳೆದುಕೊಂಡು ಹೋಗು” ಎಂದರು. ನನಗೆ ಏನೂ ಆಗಲಿಲ್ಲ. ಮೇಟ್ರನ್ನಿಗೂ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, “ಮತ್ತೆ ಆ ಮನುಷ್ಯ ಒಬ್ಬನೇ ಯಾಕೆ ಮಂಡಿಯೂರಿದ?” ಎಂದು ಕೇಳಿದರು.

ಆಮೇಲೆ ಚೋಲ್ವೆ ಅಪ್ಪನ ಮನೆಗೆ ಹೋಗಿ ಇಬ್ಬರಿಗೂ ಹೇಳಿದ್ದನ್ನು ತಿಳಿಸಿದೆ. ಅವರು ಮುಳ್ಳುತಂತಿಗೆ ಬಟ್ಟೆ ಹರವುತ್ತಿದ್ದರು. “ಹೇಳಿದ್ದು ಒಳ್ಳೇದಾಯ್ತು ಮಗಳೇ. ನಿನ್ನ ಭಾರ ನಿನಗೆ ಇಳೀಬೇಕು” ಎಂದರು. “ನಂದು ಬೇರೆ. ಎರಡು ತಿಂಗಳು ಸುಮ್ಮನಿದ್ದೆನಲ್ಲ, ಅದಕ್ಕೆ ನೀನು ಪಾಲುಗಾರಳಲ್ಲ.” ಎನಿಯಾ ಅಮ್ಮ ಒಳಗಿನಿಂದ, “ಇಬ್ಬರೂ ಸಾಕು ಮಾಡಿ, ಬಂದು ತಿನ್ನಿ” ಎಂದು ಕರೆದರು.

ಕಳೆದ ವರ್ಷ ಅವರು ಚೋಮಾ ಬಿಟ್ಟು ಕೆಳಗೆ ಕಣಿವೆಗೆ, ಸಿನಾಜೊಂಗ್ವೆಗೆ ಹೋದರು. ಎನಿಯಾ ಅಮ್ಮನ ತವರು ಅಲ್ಲಿ. ಕೆರೆಯ ದಂಡೆಯಲ್ಲಿ ಮನೆ ಕಟ್ಟುವವರಿಗೆ ಕೈಯಲ್ಲಿ ನಕ್ಷೆ ಬರೆದುಕೊಡುತ್ತಾರಂತೆ. ಫೋನಿನಲ್ಲಿ ಮಾತು ಕಡಿಮೆ. ಮೊನ್ನೆ ಮಾತಾಡಿದಾಗ ಮೀನು ಚೆನ್ನಾಗಿ ಸಿಗುತ್ತಿದೆ, ಮೊಣಕಾಲು ನೋವಿದೆ, ನಿದ್ದೆ ಅಷ್ಟಕ್ಕಷ್ಟೆ ಎಂದರು. ನಿಮ್ಮ ಬಗ್ಗೆ ಬರೀತಿದೀನಿ ಎಂದೆ. “ಬರಿ, ಆದ್ರೆ ಸಿಯಾಬಸಿಂಬಿ ಹೆಸರು ಬಿಡಬೇಡ” ಎಂದರು.